ಆರು ದಿನದಲ್ಲಿ ವಿಮಾನ, ದವಡೆಹಲ್ಲು ಈಗ ಶುರು ಹಚ್ಚಿಕೊಂಡಿದೆ, ಡ್ರಿಲ್ ಅಂದ್ರೆ ಜೀವ ಹೋಗುತ್ತೆ. ಏನು ಮಾಡೋದು?

ಜೋಳಿಗೆ_ಜೋಗಿ:
ಕೆಳಗಡೆ ಎಡಭಾಗದ ದವಡೆಹಲ್ಲು, ಅದರಲ್ಲಿ ಹಳೇ ಫಿಲ್ಲಿಂಗ್ ಇದೆ. ತಣ್ಣೀರು ತಾಗಿದರೆ ಜುಮ್ ಅನ್ನೋದು ಅರ್ಧ ನಿಮಿಷ ಕಳೆದರೂ ಬಿಡಲ್ಲ. ಆರನೇ ದಿನ ವಿಮಾನ, ಒಂಬತ್ತು ಗಂಟೆ ಹಾರಾಟ, ಮೂರು ವಾರ ಹೊರಗೆ. ಡ್ರಿಲ್ ಸದ್ದಿಗೇ ಅಂಗೈ ಬೆವರುತ್ತೆ. ಮಾತ್ರೆ ನುಂಗಿ ಹೋಗಿಬಂದು ಆಮೇಲೆ ತೋರಿಸಿದರೆ ನಡೆಯುತ್ತಾ? ಈಗ ಕೈ ಹಾಕಿಸಿ ಚಿಕಿತ್ಸೆ ಅರ್ಧಕ್ಕೆ ನಿಂತರೆ ಇನ್ನೂ ಕಷ್ಟ ಅಲ್ವಾ? ‘ಭಯ ಪಡಬೇಡಿ’ ಅನ್ನೋ ಉಪದೇಶ ದಯವಿಟ್ಟು ಬೇಡ.

ಕಿಟಕಿ_ಸೀಟು:
ನಡೆಯಲ್ಲ. ನಾಳೆ ಬೆಳಿಗ್ಗೆನೇ ಹೋಗಿ.

ಬೇರುಮಟ್ಟ:
ಮೊದಲು ಹಲ್ಲು ಯಾವ ಹಂತದಲ್ಲಿದೆ ಅಂತ ನೋಡಿ. ತಣ್ಣಗಿನದು ತಾಗಿದಾಗ ಜುಮ್ ಅಂದು, ತೆಗೆದ ಕೂಡಲೇ ಒಂದೆರಡು ಸೆಕೆಂಡಿನಲ್ಲಿ ಹೋದರೆ ಹಲ್ಲಿನ ತಿರುಳಿಗೆ (ಒಳಗಿನ ನರ, ರಕ್ತನಾಳ ಇರೋ ಮೆತ್ತನೆ ಭಾಗ) ಕೆರಳಿಕೆ ಅಷ್ಟೇ. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಅರ್ಧ ನಿಮಿಷದ ಮೇಲೂ ಉಳಿದರೆ, ಕಾರಣವಿಲ್ಲದೆ ತಾನಾಗಿ ಬಂದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ತಿರುಳು ಚೇತರಿಸಿಕೊಳ್ಳೋ ಹಂತ ದಾಟಿರೋ ಸಾಧ್ಯತೆ ಹೆಚ್ಚು. ಇನ್ನೂ ಮುಂದೆ ಹೋದರೆ ಆಟವೇ ತಿರುಗುತ್ತೆ: ಬಿಸಿ ತಾಗಿದರೆ ನೋವು, ತಣ್ಣೀರು ಬಾಯಲ್ಲಿಟ್ಟುಕೊಂಡರೆ ಹಾಯ್ ಅನಿಸುತ್ತೆ. ಬಾಟಲಿ ತಣ್ಣೀರು ಕೈಯಲ್ಲಿ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬರೋರು ಈ ಹಂತದವರು.

ನೀವು ಬರೆದಿರೋದು ಎರಡನೇ ಗುಂಪಿನ ಲಕ್ಷಣ. ಮಾತ್ರೆ ನೋವನ್ನು ಮುಚ್ಚುತ್ತೆ, ಕಾರಣವನ್ನು ಮುಟ್ಟಲ್ಲ. ತಿರುಳು ಗಟ್ಟಿ ಗೋಡೆಗಳ ನಡುವೆ ಇರೋದು, ಊದಿಕೊಳ್ಳೋಕೆ ಜಾಗವಿಲ್ಲ, ಒತ್ತಡವೆಲ್ಲ ನರದ ಮೇಲೆ ಬೀಳುತ್ತೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುತ್ತೆ, ಅದಕ್ಕೇ ರಾತ್ರಿ ಜಾಸ್ತಿ. ಅಲ್ಲಿಯವರೆಗೆ ಎರಡು ದಿಂಬು ಇಟ್ಟುಕೊಂಡು ಮಲಗಿ.

ಗಡಿಬಿಡಿ_ಗಿರಾಕಿ:
ಲವಂಗದೆಣ್ಣಿ ಹತ್ಯಾಗ ಅದ್ದಿ ಹಲ್ಲಿನ್ಯಾಗ ಇಟ್ಕೋರಿ, ಮೂರು ವಾರ ಆರಾಮ ಹೋಗತಾವ. ಇಷ್ಟಕ್ಕ ಯಾಕ ಹಲ್ಲು ಕೊರಸ್ತೀರಿ?

ಹತ್ತಿಯುಂಡೆ:
@ಗಡಿಬಿಡಿ_ಗಿರಾಕಿ ಲವಂಗದೆಣ್ಣೆಯಲ್ಲಿರೋ ಯೂಜಿನಾಲ್ ನಿಜವಾಗಿಯೂ ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ, ಅದನ್ನು ಯಾರೂ ಅಲ್ಲಗಳೆಯಲ್ಲ. ಜಿಂಕ್ ಆಕ್ಸೈಡ್ ಜೊತೆ ಕಲಸಿದರೆ ಅದೇ ತಾತ್ಕಾಲಿಕ ಫಿಲ್ಲಿಂಗ್. ಆದರೆ ಎಣ್ಣೆ ತೊಟ್ಟಿಕ್ಕಿಸಿ ಬಾಯಿಗೆ ಸುರಿದುಕೊಂಡರೆ ಒಸಡು, ಕೆನ್ನೆಯ ಒಳಪದರ ಸುಡುತ್ತೆ. ಸಣ್ಣ ಹತ್ತಿಯುಂಡೆಗೆ ಒಂದು ಹನಿ, ಹಿಂಡಿ, ಚಿಮಟದಿಂದ ಗುಳಿಯೊಳಗೆ ಮಾತ್ರ. ಗುಳಿಯೇ ಕಾಣದ, ಫಿಲ್ಲಿಂಗ್ ಮುಚ್ಚಿರೋ ಹಲ್ಲಿಗೆ ಹೊರಗಿಂದ ಸವರಿದರೆ ತಿರುಳಿಗೆ ಏನೂ ತಲುಪಲ್ಲ. ಇಲ್ಲಿ ಪ್ರಶ್ನೆ ಕೇಳಿದವರಿಗೆ ಇರೋದು ಅದೇ ಥರದ ಹಲ್ಲು.

ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕ ಒತ್ತಿ ಇಡೋ ಅಭ್ಯಾಸ ಇನ್ನೂ ದೊಡ್ಡ ತಪ್ಪು. ಆಮ್ಲ, ಬಿಳಿ ಹುಣ್ಣು ಗ್ಯಾರಂಟಿ. ನುಂಗಿದರೆ ಮಾತ್ರ ಅದು ಕೆಲಸ ಮಾಡೋದು.

ಗಡಿಬಿಡಿ_ಗಿರಾಕಿ:
ಆತು ಬಿಡ್ರಿ, ಒಂದು ಹನಿ ಅಂದ್ರ ಒಂದು ಹನಿ. ಹಂಗಾದ್ರ ಆ್ಯಂಟಿಬಯೋಟಿಕ್ ಕೋರ್ಸ್ ಒಂದು ತಗೊಂಡು ಹೋದ್ರ?

ಬೇರುಮಟ್ಟ:
ತಿರುಳಿನ ಉರಿಗೆ ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಊತ ಹರಡುತ್ತಿದ್ದರೆ, ಜ್ವರ ಇದ್ದರೆ ಬರೆದುಕೊಡುತ್ತಾರೆ, ಅದೂ ಹಲ್ಲಿನ ಕೆಲಸದ ಜೊತೆಗೆ, ಅದರ ಬದಲಿಗಲ್ಲ. ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತವೇ ಹೋಗಲ್ಲ, ಔಷಧಿ ಹೋಗೋದು ಹೇಗೆ?

ಅದಕ್ಕಿಂತ ದೊಡ್ಡ ಬಲೆ ಒಂದಿದೆ. ಮೂರು ದಿನ ಒದ್ದಾಡಿಸಿದ ನೋವು ನಾಲ್ಕನೇ ದಿನ ಇದ್ದಕ್ಕಿದ್ದಂತೆ ಮಾಯ. ಭಯ ಇರೋರು ಆಗ ಮಾಡೋ ಮೊದಲ ಕೆಲಸ ಅಪಾಯಿಂಟ್‌ಮೆಂಟ್ ರದ್ದು. ಹಲ್ಲು ವಾಸಿಯಾಗಿದ್ದಲ್ಲ, ನರ ಸತ್ತಿದೆ. ಕೆಲ ದಿನ ಬಿಟ್ಟು ಬೇರಿನ ತುದಿಯಲ್ಲಿ ಕೀವು ಕಟ್ಟಿ, ಕಚ್ಚಿದರೆ ಹಲ್ಲು ಎತ್ತರವಾದ ಹಾಗೆ ಅನಿಸಿ, ಕೆನ್ನೆ ಊದೋದು ಪ್ರವಾಸದ ನಡುವೆ.

ಕಿಟಕಿ_ಸೀಟು:
ವಿಮಾನದಲ್ಲಿ ಹಲ್ಲು ಸಿಡಿಯುತ್ತೆ ಅಂತಾರಲ್ಲ, ಅದು ನಿಜಾನಾ ಬುರುಡೆನಾ?

ತಾಳೆನೋಡಿ:
ಸಿಡಿಯುತ್ತೆ ಅನ್ನೋದು ಉತ್ಪ್ರೇಕ್ಷೆ, ನೋವು ಬರೋದು ನಿಜ. ಹೆಸರು ಬ್ಯಾರೊಡಾಂಟಾಲ್ಜಿಯಾ. ಪ್ರಯಾಣಿಕರ ವಿಮಾನದೊಳಗಿನ ಗಾಳಿಯ ಒತ್ತಡವನ್ನು ಹೆಚ್ಚೆಂದರೆ ಸುಮಾರು 8,000 ಅಡಿ, ಅಂದರೆ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಕಾಪಾಡುತ್ತಾರೆ. ನೆಲದ ಒತ್ತಡದ ಮುಕ್ಕಾಲು ಪಾಲು ಅಂದುಕೊಳ್ಳಿ. ಆರೋಗ್ಯವಾಗಿರೋ ಹಲ್ಲಿಗೆ ಅದರಿಂದ ಏನೂ ಆಗಲ್ಲ. ತಿರುಳು ಉರಿಯುತ್ತಿರೋ, ಒಳಗೆ ಹುಳುಕು ಬಿಟ್ಟು ಮೇಲೆ ಮುಚ್ಚಿರೋ, ಸಂದು ಬಿಟ್ಟ ಫಿಲ್ಲಿಂಗ್ ಇರೋ ಹಲ್ಲಿಗೆ ಆಗುತ್ತೆ. ತಿರುಳಿನ ನೋವು ಸಾಮಾನ್ಯವಾಗಿ ಏರುವಾಗ, ಬೇರಿನ ತುದಿಯ ಕೀವಿನ ನೋವು ಇಳಿಯುವಾಗ ಕಾಣಿಸಿಕೊಳ್ಳುತ್ತೆ. ಮೇಲಿನ ದವಡೆಹಲ್ಲುಗಳೆಲ್ಲ ಒಟ್ಟಿಗೆ ಇಳಿಯುವಾಗ ನೋಯ್ದರೆ ಅಪರಾಧಿ ಹಲ್ಲಲ್ಲ, ಕಟ್ಟಿಕೊಂಡ ಸೈನಸ್, ಅಂದರೆ ಕೆನ್ನೆಮೂಳೆಯೊಳಗಿನ ಗಾಳಿಯ ಪೊಳ್ಳು.

ನೆಗಡಿ_ನಾಣಿ:
ಹಾಗಾದ್ರೆ ರೈಲಿನಲ್ಲಿ ಹೋದ್ರೆ ಆಯ್ತಲ್ಲ 😄

ತಾಳೆನೋಡಿ:
ರೈಲಿನಲ್ಲೂ ಹಲ್ಲು ಜೊತೆಗೇ ಬರುತ್ತೆ ಸ್ವಾಮಿ.

ಜೋಳಿಗೆ_ಜೋಗಿ:
ಸರಿ, ಹೋಗಲೇಬೇಕು ಅನ್ನೋದು ಅರ್ಥ ಆಯ್ತು. ಆರು ದಿನದಲ್ಲಿ ರೂಟ್ ಕೆನಾಲ್ ಮುಗಿಯುತ್ತಾ? ನಡುವೆ ನಿಂತರೆ?

ಬೇರುಮಟ್ಟ:
ಪೂರ್ತಿ ಮುಗಿಯಬೇಕು ಅನ್ನೋ ಹಟ ಬಿಡಿ. ನೋವು ಇಳಿಸೋದು ಮೊದಲ ಸಿಟ್ಟಿಂಗ್. ಮರಗಟ್ಟಿಸಿ, ರಬ್ಬರ್ ಡ್ಯಾಮ್ (ಆ ಹಲ್ಲನ್ನಷ್ಟೇ ಹೊರಗೆ ಬಿಡೋ ತೆಳು ರಬ್ಬರ್ ಹಾಳೆ) ಹಾಕಿ, ಹಲ್ಲಿನ ಮೇಲ್ಭಾಗ ತೆರೆದು, ತಿರುಳು ತೆಗೆದು, ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಬೇರಿನೊಳಗಿನ ಕಾಲುವೆ ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೇಪ ಇಟ್ಟು, ಮೇಲೆ ತಾತ್ಕಾಲಿಕ ಫಿಲ್ಲಿಂಗ್. ಇಷ್ಟಾದರೆ ಮೂರು ವಾರ ದೂಡಬಹುದು. ಕಾಲುವೆ ತುಂಬೋದು, ಕ್ಯಾಪ್ ಹಾಕೋದು ವಾಪಸ್ ಬಂದ ಮೇಲೆ.

ಎರಡು ವಿಷಯ ಬಾಯಿಬಿಟ್ಟು ಕೇಳಿ. ತಾತ್ಕಾಲಿಕ ಫಿಲ್ಲಿಂಗ್ ಕನಿಷ್ಠ ಮೂರೂವರೆ ಮಿಲಿಮೀಟರ್ ದಪ್ಪ ಇರಬೇಕು, ತೆಳುವಾದರೆ ಎಂಜಲು ಒಳಗೆ ಸೋರಿ ಮತ್ತೆ ಸೋಂಕು. ಮೂರು ವಾರದ ಪ್ರಯಾಣ ಅಂತ ಹೇಳಿದರೆ ಮೇಲೆ ಗಟ್ಟಿ ಪದರವಾಗಿ ಗ್ಲಾಸ್ ಅಯಾನಮರ್ ಅನ್ನೋ ಹಲ್ಲಿನ ಸಿಮೆಂಟ್ ಹಾಕಿಕೊಡಬಹುದು. ಎರಡನೆಯದು, ಹಲ್ಲಿನ ಎತ್ತರವನ್ನು ಸ್ವಲ್ಪ ತಗ್ಗಿಸಿದರೆ ಕಚ್ಚುವಾಗ ಎದುರು ಹಲ್ಲು ತಾಗಲ್ಲ, ನೋವೂ ಕಡಿಮೆ, ಬಿರುಕು ಬಿಡೋ ಅಪಾಯವೂ ಕಡಿಮೆ. ಹಲ್ಲನ್ನು ತೆರೆದೇ ಬಿಟ್ಟು ಕಳಿಸೋದು ಹಳೇ ಪದ್ಧತಿ, ಒಪ್ಪಬೇಡಿ.

ಮೊದಲ ಸಿಟ್ಟಿಂಗ್ ಆದ ಒಂದೆರಡು ದಿನ ಕೆಲವರಿಗೆ ನೋವು ಕೆರಳುತ್ತೆ. ಅದಕ್ಕೇ ನಾಳೆ ಅಥವಾ ನಾಡಿದ್ದು ಅಂತ ಹೇಳೋದು. ಹೊರಡೋ ಹಿಂದಿನ ಸಂಜೆ ಮಾಡಿಸಿದರೆ ಆ ಕೆರಳಿಕೆ ಸೀಟ್ ಬೆಲ್ಟ್ ಹಾಕಿಕೊಂಡಾಗ ಬರುತ್ತೆ.

ನಿದ್ದೆಗೇಡಿ:
ಕೀಳಿಸಿಬಿಟ್ಟರೆ ಒಂದೇ ದಿನಕ್ಕೆ ಮುಗೀತಲ್ಲ?

ಹತ್ತಿಯುಂಡೆ:
ಮುಗಿಯಲ್ಲ. ಕಿತ್ತ ಜಾಗದ ರಕ್ತದ ಹೆಪ್ಪು ಕಳಚಿ ಮೂಳೆ ತೆರೆದುಕೊಳ್ಳೋ ಡ್ರೈ ಸಾಕೆಟ್ ಕಾಣಿಸಿಕೊಳ್ಳೋದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ, ಕೆಳದವಡೆಯಲ್ಲೇ ಹೆಚ್ಚು. ಸಿಗರೇಟು, ಸ್ಟ್ರಾ, ಪದೇಪದೇ ಉಗಿಯೋದು ಅದನ್ನು ಕರೆತರುತ್ತವೆ. ಸರಳವಾಗಿ ಕಿತ್ತಿದ್ದರೆ ಕನಿಷ್ಠ 24 ಗಂಟೆ ಹಾರಬೇಡಿ. ಮೇಲಿನ ದವಡೆಹಲ್ಲು ಕಿತ್ತು ಸೈನಸ್‌ಗೆ ದಾರಿ ಬಿಟ್ಟಿದ್ದರೆ ಎರಡು ವಾರ ಅಂತಾರೆ, ಮೂಗು ಜೋರಾಗಿ ಸೀಟಲೂ ಬಾರದು. ಉಳಿಸಬಹುದಾದ ಹಲ್ಲನ್ನು ಭಯಕ್ಕೆ ಕೀಳಿಸಿದರೆ ಮುಂದೆ ಆ ಖಾಲಿ ಜಾಗಕ್ಕೆ ಇನ್ನಷ್ಟು ಸಲ ಅದೇ ಕುರ್ಚಿ ಹತ್ತಬೇಕಾಗುತ್ತೆ, ಯೋಚಿಸಿ.

ಸದ್ದಿನ_ಶತ್ರು:
ಎಲ್ಲರೂ ಹಲ್ಲಿನ ಬಗ್ಗೆನೇ ಹೇಳ್ತಿದ್ದೀರಿ, ಕೇಳಿದವರ ಅರ್ಧ ಪ್ರಶ್ನೆ ಭಯದ್ದು. ಬರೀತೀನಿ, ಉದ್ದ ಆಗುತ್ತೆ.

ಭಯವನ್ನು ಅಳೆಯೋಕೆ ಎಂಡಿಎಎಸ್ (ಮಾಡಿಫೈಡ್ ಡೆಂಟಲ್ ಆಂಗ್ಸೈಟಿ ಸ್ಕೇಲ್) ಅಂತ ಐದು ಪ್ರಶ್ನೆಗಳ ಪಟ್ಟಿ ಇದೆ: ನಾಳೆ ಹೋಗಬೇಕು ಅಂದರೆ ಹೇಗನಿಸುತ್ತೆ, ಕಾಯೋ ಕೋಣೆಯಲ್ಲಿ, ಡ್ರಿಲ್‌ಗೆ, ಹಲ್ಲು ಶುಚಿ ಮಾಡುವಾಗ, ಇಂಜೆಕ್ಷನ್‌ಗೆ. ಒಂದೊಂದಕ್ಕೂ 1ರಿಂದ 5. ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಯ ವಿಪರೀತ ಅಂತ ಲೆಕ್ಕ. ಅಂಕಕ್ಕಿಂತ ಯಾವ ಪ್ರಶ್ನೆಗೆ 5 ಬಿತ್ತು ಅನ್ನೋದು ಮುಖ್ಯ, ಮದ್ದು ಅದರ ಮೇಲೆ.

ಕಾಯೋದೇ ಕಷ್ಟ ಅಂದರೆ ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ. ಭಯ ಕೂಡಿಟ್ಟುಕೊಳ್ಳೋಕೆ ದಿನವಿಡೀ ಇರಲ್ಲ, ಏನಾದರೂ ಎಡವಟ್ಟಾದರೆ ಸಂಜೆಯವರೆಗೆ ವೈದ್ಯರು ಸಿಗುತ್ತಾರೆ.

ಸದ್ದು ಅಂದರೆ: ಚೀರೋ ಸದ್ದು ಗಾಳಿಯಿಂದ ತಿರುಗೋ ವೇಗದ ಹ್ಯಾಂಡ್‌ಪೀಸಿನದು, ನಿಮಿಷಕ್ಕೆ ಮೂರು ಲಕ್ಷಕ್ಕೂ ಮೇಲೆ ಸುತ್ತುತ್ತೆ. ಕಿವಿಯೊಳಗೆ ಹೊಕ್ಕುವ ಇಯರ್‌ಫೋನ್ ಹೊರಗಿನ ಚೀತ್ಕಾರ ತಡೆಯುತ್ತೆ, ಮೂಳೆಯ ಮೂಲಕ ಬರೋ ಗುರ್ ಅನ್ನೋ ನಡುಕವನ್ನು ತಡೆಯಲ್ಲ. ಅದು ನಿಧಾನದ ಡ್ರಿಲ್, ಹುಳುಕು ಕೆರೆಯೋಕೆ. ಮೊದಲೇ ಗೊತ್ತಿದ್ದರೆ ‘ಇದೇನಾಯ್ತು’ ಅಂತ ಬೆಚ್ಚೋದು ತಪ್ಪುತ್ತೆ. ಒಂದು ಕಿವಿ ಖಾಲಿ ಬಿಡಿ, ವೈದ್ಯರ ಮಾತು ಕೇಳಬೇಕಲ್ಲ.

ಹಿಡಿತ ತಪ್ಪುತ್ತೆ ಅನ್ನೋದೇ ಭಯವಾದರೆ ಸಂಜ್ಞೆ ಒಪ್ಪಂದ ಮಾಡಿಕೊಳ್ಳಿ: ಎಡಗೈ ಎತ್ತಿದರೆ ನಿಲ್ಲಿಸಬೇಕು. ಒಪ್ಪಿಸಿ ಸುಮ್ಮನೆ ಕೂರಬೇಡಿ. ಕೆಲಸ ಶುರುವಾಗೋ ಮುನ್ನ ಒಂದು ಸಲ ನೋವಿಲ್ಲದಾಗಲೇ ಎತ್ತಿ ನೋಡಿ. ನಿಂತರು ಅಂತಾದರೆ ಮೈ ಅದನ್ನು ನಂಬುತ್ತೆ. ಜೊತೆಗೆ ‘ಹತ್ತು ಎಣಿಸುವವರೆಗೆ ಕೊರೆಯಿರಿ, ಆಮೇಲೆ ವಿರಾಮ’ ಅನ್ನೋ ಲೆಕ್ಕ. ಎಷ್ಟು ಹೊತ್ತು ಅಂತ ತಿಳಿಯದ ಅರ್ಧ ನಿಮಿಷಕ್ಕಿಂತ ಎಣಿಸಿದ ಹತ್ತು ಸೆಕೆಂಡು ಸಲೀಸು.

ಉಸಿರು: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಮೂಗಿನಲ್ಲಿ. ಕುರ್ಚಿಯಲ್ಲಿ ಮೊದಲ ಸಲ ಮಾಡಿದರೆ ಬರಲ್ಲ, ಇವತ್ತಿಂದಲೇ ದಿನಕ್ಕೆ ಎರಡು ಹೊತ್ತು ಐದು ನಿಮಿಷ ಮಾಡಿ.

ನೆಗಡಿ_ನಾಣಿ:
ಸೂಜಿ ನೋಡಿದ್ರೆ ತಲೆ ಸುತ್ತಿ ಬೀಳೋರಿಗೆ?

ಸದ್ದಿನ_ಶತ್ರು:
ಅವರಿಗೆ ಮೇಲಿನ ಉಸಿರಾಟ, ಮೈ ಸಡಿಲ ಬಿಡೋದು ಉಲ್ಟಾ ಹೊಡೆಯಬಹುದು. ರಕ್ತದೊತ್ತಡ ಕುಸಿಯೋದರಿಂದಲೇ ಅವರು ಬೀಳೋದು. ಅವರು ಬಿಗಿ ಹಿಡಿಯಬೇಕು: ತೊಡೆ, ಹೊಟ್ಟೆ, ತೋಳು ಹತ್ತು ಹದಿನೈದು ಸೆಕೆಂಡು ಬಿಗಿ, ಮುಖ ಬಿಸಿಯಾಗೋವರೆಗೆ. ಇಪ್ಪತ್ತು ಮೂವತ್ತು ಸೆಕೆಂಡು ಮಾಮೂಲು ಸ್ಥಿತಿ. ಹೀಗೆ ಐದು ಸಲ. ಇಂಜೆಕ್ಷನ್ ಹೊತ್ತಿಗೆ ಕುರ್ಚಿಯನ್ನು ಹಿಂದಕ್ಕೆ ಮಲಗಿಸಿಕೊಳ್ಳಿ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ.

ವಾಂತಿ ಬಂದ ಹಾಗಾಗೋರಿಗೆ ಒಂದು ತಮಾಷೆಯ ಉಪಾಯ, ಎಕ್ಸ್‌ರೇ ಇಡುವಾಗ ಒಂದು ಕಾಲು ಎತ್ತಿ ಗಾಳಿಯಲ್ಲಿ ಹಿಡಿಯೋದು. ಗಮನ ಕಾಲಿಗೆ ಹೋಗುತ್ತೆ. ನೋಡೋರಿಗೆ ನಗು, ಆದರೆ ಬಹಳ ಜನಕ್ಕೆ ಆಗುತ್ತೆ.

ನಿದ್ದೆಗೇಡಿ:
ಮುಖ್ಯವಾದದ್ದು ಬಿಟ್ಟಿರಿ. ಇಂಜೆಕ್ಷನ್ ಕೊಟ್ಟರೂ ಮರಗಟ್ಟಲ್ಲ ಅನ್ನೋದೇ ಎಷ್ಟೋ ಜನರ ಭಯ. ಅದು ಭ್ರಮೆ ಅಂತ ತಳ್ಳಿಹಾಕ್ತಾರೆ.

ಬೇರುಮಟ್ಟ:
ಭ್ರಮೆ ಅಲ್ಲ, ಅದನ್ನು ಒಪ್ಪಿಕೊಳ್ಳೋಣ. ಕೆಳದವಡೆಗೆ ನರದ ಬುಡಕ್ಕೆ ಕೊಡೋ ಬ್ಲಾಕ್ ಅನ್ನೋ ಇಂಜೆಕ್ಷನ್, ಉರಿಯುತ್ತಿರೋ ತಿರುಳಿನ ಮುಂದೆ ಎಷ್ಟೋ ಸಲ ಸೋಲುತ್ತೆ. ತುಟಿ ಜೋಮು ಹಿಡಿದಿರುತ್ತೆ, ಹಲ್ಲು ಹಿಡಿದಿರಲ್ಲ. ಆದ್ದರಿಂದ ಡ್ರಿಲ್ ಮುಟ್ಟಿಸೋ ಮುಂಚೆ ‘ಕೋಲ್ಡ್ ಸ್ಪ್ರೇ ಇಟ್ಟು ನೋಡಿ’ ಅಂತ ಕೇಳಿ. ಹತ್ತಿಗೆ ಸ್ಪ್ರೇ ಮಾಡಿ ಹಲ್ಲಿಗೆ ತಾಗಿಸುತ್ತಾರೆ. ಜುಮ್ ಅಂದರೆ ಇನ್ನೂ ಬೇಕು ಅಂತಲೇ ಅರ್ಥ. ಆಗ ಕೆನ್ನೆಯ ಕಡೆಯಿಂದ 4 ಶೇಕಡಾ ಆರ್ಟಿಕೇನ್ ಅನ್ನೋ ಮರಗಟ್ಟಿಸೋ ಔಷಧಿ, ಹಲ್ಲು ಮತ್ತು ಮೂಳೆಯ ಸಂದಿಗೆ ಇನ್ನೊಂದು, ಕೊನೆಗೆ ಬೇಕಾದರೆ ತಿರುಳಿಗೇ ಒಂದು. ಒಂದು ಗಂಟೆ ಮುಂಚೆ ಐಬುಪ್ರೊಫೆನ್ ತಗೊಂಡಿದ್ದರೆ ಬ್ಲಾಕ್ ಹಿಡಿಯೋ ಸಾಧ್ಯತೆ ಸ್ವಲ್ಪ ಹೆಚ್ಚು, ನಿಮ್ಮ ಮೈಗೆ ಆ ಮಾತ್ರೆ ಆಗೋದಾದರೆ.

ಚುಚ್ಚಿದ ನೋವಿಗಿಂತ ಔಷಧಿ ಒಳನುಗ್ಗೋ ಒತ್ತಡದ ನೋವು ಜಾಸ್ತಿ. ಒಂದು ಕಾರ್ಟ್ರಿಡ್ಜ್ (ಔಷಧಿ ತುಂಬಿದ ಕೊಳವೆ) 1.8 ಮಿಲಿಲೀಟರ್, ನಿಮಿಷಕ್ಕೆ ಒಂದು ಮಿಲಿಲೀಟರ್ ಅನ್ನೋ ನಿಧಾನ ಒಳ್ಳೇದು. ಅಂದರೆ ಸುಮಾರು ಎರಡು ನಿಮಿಷ. ‘ನಿಧಾನ ಕೊಡಿ’ ಅಂತ ಕೇಳೋದು ಅವಮಾನವಲ್ಲ. ಮೇಲೆ ಹಚ್ಚೋ ಜೆಲ್ ಒದ್ದೆ ಒಸಡಿನ ಮೇಲೆ ನಿಲ್ಲಲ್ಲ, ಒರೆಸಿ ಒಣಗಿಸಿ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಅದೂ ಎರಡು ಮೂರು ಮಿಲಿಮೀಟರ್ ಆಳಕ್ಕಷ್ಟೇ.

ಇಂಜೆಕ್ಷನ್ ಆದ ಕೂಡಲೇ ಎದೆ ಡವಡವ ಅಂದರೆ ಅದು ಸಾಮಾನ್ಯವಾಗಿ ಅಲರ್ಜಿ ಅಲ್ಲ, ಬಹುಪಾಲು ಅದರಲ್ಲಿರೋ ಅಡ್ರಿನಲಿನ್. ಕೆಲವು ನಿಮಿಷದಲ್ಲಿ ತಗ್ಗುತ್ತೆ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ.

ಕಿಟಕಿ_ಸೀಟು:
ನಿದ್ದೆ ಬರಿಸಿ ಮಾಡೋದು ಇದೆಯಲ್ಲ?

ಹತ್ತಿಯುಂಡೆ:
ಇದೆ, ಬೇರೆ ಬೇರೆ ಥರ. ನಗೆ ಅನಿಲ ಅನ್ನೋ ನೈಟ್ರಸ್ ಆಕ್ಸೈಡ್ ಕೆಲ ನಿಮಿಷದಲ್ಲಿ ಹತ್ತುತ್ತೆ, ಕೊನೆಯಲ್ಲಿ ಐದು ನಿಮಿಷ ಶುದ್ಧ ಆಮ್ಲಜನಕ ಕೊಟ್ಟು ಇಳಿಸುತ್ತಾರೆ. ಆದರೆ ಮೂಗು ಕಟ್ಟಿದ್ದರೆ ಪ್ರಯೋಜನವಿಲ್ಲ, ಮೂಗಿನಿಂದಲೇ ಎಳೆಯಬೇಕು. ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಅನಿಲ ತುಂಬಿಸಿಕೊಂಡಿರೋರು ಮುಟ್ಟಲೇಬಾರದು (ಅವರು ಹಾರಲೂ ಬಾರದು). ಡಯಾಜೆಪಾಮ್ ಥರದ ಮಂಪರು ಮಾತ್ರೆಯಾದರೆ ಜೊತೆಗೊಬ್ಬರು ಬರಬೇಕು, ಅವತ್ತು ಗಾಡಿ ಓಡಿಸೋ ಹಾಗಿಲ್ಲ, ಮದ್ಯ ಬೇಡ. ಮತ್ತೊಬ್ಬರಿಗೆ ಬರೆದುಕೊಟ್ಟ ಮಾತ್ರೆ ಹುಡುಕಿ ನುಂಗಬೇಡಿ. ಇನ್ನೊಂದು, ಮಂಪರು ಭಯವನ್ನಷ್ಟೇ ಇಳಿಸೋದು, ಹಲ್ಲಿಗೆ ಇಂಜೆಕ್ಷನ್ ಆಮೇಲೂ ಬೇಕೇಬೇಕು.

ಜೋಳಿಗೆ_ಜೋಗಿ:
ಅಪಾಯಿಂಟ್‌ಮೆಂಟ್ ಆಯ್ತು, ನಾಡಿದ್ದು ಮೊದಲನೇದು. ನಾಳೆ ರಾತ್ರಿವರೆಗೆ ಯಾವ ಮಾತ್ರೆ, ಎಷ್ಟು?

ತಾಳೆನೋಡಿ:
ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ ಜೊತೆ ಪ್ಯಾರಸಿಟಮಾಲ್ 500ರಿಂದ 1,000. ಎರಡೂ ಬೇರೆ ದಾರಿಯಲ್ಲಿ ಕೆಲಸ ಮಾಡೋದರಿಂದ ಒಟ್ಟಿಗೆ ಹೆಚ್ಚು ಹಿಡಿತ. ಏನಾದರೂ ತಿಂದ ಮೇಲೆ, ಎಂಟು ಗಂಟೆಗೊಮ್ಮೆ. ಚೀಟಿ ಇಲ್ಲದೆ ದಿನಕ್ಕೆ ಐಬುಪ್ರೊಫೆನ್ 1,200, ಪ್ಯಾರಸಿಟಮಾಲ್ 4,000 ದಾಟಬಾರದು. ನೆಗಡಿ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಅಡಗಿರುತ್ತೆ, ಅದನ್ನೂ ಕೂಡಿಸಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳುವಾಗಿಸೋ ಔಷಧಿ, ಆಸ್ತಮಾ, ಬಸಿರು, ಇವುಗಳಲ್ಲಿ ಯಾವುದೇ ಇದ್ದರೂ ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಬೇಡ.

ಪ್ರಯಾಣದಲ್ಲಿ ಡೋಸ್ ತಪ್ಪೋದು ಗಡಿಯಾರ ಬದಲಾದಾಗ. ಎರಡು ದೇಶದ ಸಮಯ ನೋಡಿ ಲೆಕ್ಕ ಹಾಕಬೇಡಿ, ಮಾತ್ರೆ ನುಂಗಿದ ಕೂಡಲೇ ಫೋನಿನಲ್ಲಿ ಎಂಟು ಗಂಟೆಯ ಟೈಮರ್ ಹಾಕಿ.

ಗಡಿಬಿಡಿ_ಗಿರಾಕಿ:
ಚೀಲದಾಗ ಏನೇನು ಇಟ್ಕೋಬೇಕು ಅನ್ನೋದೂ ಹೇಳ್ರಿ. ದಾರ್ಯಾಗ ಕ್ಯಾಪ್ ಬಿಚ್ಚಿ ಕೈಗೆ ಬಂದ್ರ ಏನ್ ಮಾಡೂದು? ಫೆವಿಕ್ವಿಕ್?

ಹತ್ತಿಯುಂಡೆ:
ಅಯ್ಯೋ, ಬೇಡ! ಆ ಅಂಟು ಒಸಡು ಸುಡುತ್ತೆ, ಕ್ಯಾಪ್ ಓರೆಯಾಗಿ ಕೂತರೆ ಆಮೇಲೆ ಯಾರಿಂದಲೂ ತೆಗೆಯೋಕಾಗಲ್ಲ. ಔಷಧಿ ಅಂಗಡಿಯಲ್ಲಿ ಸಿಗೋ ತಾತ್ಕಾಲಿಕ ಸಿಮೆಂಟ್ ಇಟ್ಟುಕೊಳ್ಳಿ. ಮೊದಲು ಕ್ಯಾಪ್ ಒಳಗಿನ ಹಳೇ ಸಿಮೆಂಟ್ ಕೆರೆದು ತೊಳೆಯಿರಿ. ಸಿಮೆಂಟ್ ಇಲ್ಲದೆ ಕೂರಿಸಿ ಕಚ್ಚಿ ನೋಡಿ, ಬೇರೆ ಹಲ್ಲುಗಳು ಎಂದಿನಂತೆ ಕೂಡಿದರೆ ದಿಕ್ಕು ಸರಿ. ಹಲ್ಲು ಒಣಗಿಸಿ, ಒಳಗೆ ತೆಳುವಾಗಿ ಸವರಿ, ಕೂರಿಸಿ, ಹತ್ತಿ ಕಚ್ಚಿ ಹಿಡಿಯಿರಿ. ಹೊರಬಂದ ಸಿಮೆಂಟನ್ನು ಫ್ಲಾಸ್ ದಾರದಿಂದ ಪಕ್ಕಕ್ಕೆ ಎಳೆದು ತೆಗೆಯಿರಿ, ಮೇಲಕ್ಕೆ ಎತ್ತಿದರೆ ಕ್ಯಾಪೂ ಬರುತ್ತೆ. ಕೂರದಿದ್ದರೆ ಬಿಟ್ಟುಬಿಡಿ, ಡಬ್ಬಿಯಲ್ಲಿ ಹಾಕಿಡಿ. ಅಲ್ಲಾಡೋ ಕ್ಯಾಪ್ ಇಟ್ಟುಕೊಂಡು ಮಲಗಬೇಡಿ, ಉಸಿರಿನ ಕೊಳವೆಗೆ ಇಳಿಯಬಹುದು.

ಚೀಲಕ್ಕೆ ಇನ್ನು: ಸಣ್ಣ ಕನ್ನಡಿ, ಹತ್ತಿ, ಚಿಮಟ, ಹಲ್ಲಿನ ತಂತಿಗೆ ಹಚ್ಚೋ ಮೇಣ (ಮುರಿದ ಹಲ್ಲಿನ ಚೂಪು ನಾಲಿಗೆ ಕೊಯ್ಯದ ಹಾಗೆ), ಮಾತ್ರೆಗಳು, ಉಪ್ಪು. ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸಬಹುದು. ಮಾತ್ರೆ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಲ್ಲ. ದ್ರವಗಳು 100 ಮಿಲಿಲೀಟರ್ ಒಳಗಿನ ಬಾಟಲಿಯಲ್ಲಿ.

ನಿದ್ದೆಗೇಡಿ:
ಯಾವಾಗ ಪ್ರಯಾಣವನ್ನೇ ಬಿಡಬೇಕು ಅನ್ನೋದನ್ನು ಯಾರೂ ಹೇಳಲಿಲ್ಲ.

ಬೇರುಮಟ್ಟ:
ಊತ ಕಣ್ಣಿನ ಕಡೆ ಏರಿದರೆ, ಗದ್ದದ ಕೆಳಗೆ, ಕತ್ತಿನ ಕಡೆ ಇಳಿದರೆ, ಬಾಯಿ ಎರಡು ಬೆರಳಗಲ ತೆರೆಯೋಕಾಗದಿದ್ದರೆ, ನುಂಗೋಕೆ ಕಷ್ಟವಾದರೆ, ಜ್ವರ ಜೊತೆಗಿದ್ದರೆ. ಆಗ ಹಲ್ಲಿನ ಕ್ಲಿನಿಕ್ಕಿಗೂ ಅಲ್ಲ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ನಾಲಿಗೆಯ ಕೆಳಗೆ ಹರಡಿದ ಸೋಂಕು ಉಸಿರುದಾರಿಯನ್ನೇ ಮುಚ್ಚಬಹುದು. ಇದರಲ್ಲಿ ಚರ್ಚೆ ಬೇಡ.

ಜೋಳಿಗೆ_ಜೋಗಿ:
ಕ್ಲಿನಿಕ್ಕಿಗೆ ಈ ಸಂದೇಶ ಕಳಿಸ್ತಿದ್ದೀನಿ, ತಪ್ಪಿದ್ದರೆ ಹೇಳಿ: ‘ಕೆಳ ಎಡ ದವಡೆಹಲ್ಲು, ತಣ್ಣೀರಿಗೆ ಅರ್ಧ ನಿಮಿಷದ ಮೇಲೆ ನೋವು. ಆರು ದಿನದಲ್ಲಿ ವಿಮಾನ, ಮೂರು ವಾರ ಬರೋಕಾಗಲ್ಲ. ಈ ಭೇಟಿಯಲ್ಲಿ ನೋವು ಇಳಿಸೋ ಹಂತ ಮಾತ್ರ ಸಾಕು. ಡ್ರಿಲ್ ಭಯ ತುಂಬಾ ಇದೆ. ನಿಧಾನ ಇಂಜೆಕ್ಷನ್, ಕೊರೆಯೋ ಮುಂಚೆ ಕೋಲ್ಡ್ ಟೆಸ್ಟ್, ಕೈ ಎತ್ತಿದರೆ ನಿಲ್ಲಿಸಬೇಕು.’ ಹಲ್ಲಿನ ನಂಬರ್ 46 ಅಂತ ಸೇರಿಸಲಾ? ಒಂದು ಚಿತ್ರದಲ್ಲಿ ನೋಡಿದೆ.

ತಾಳೆನೋಡಿ:
ಚಿತ್ರ ಎದುರು ಕೂತವರ ಕಣ್ಣಿನಿಂದ ಬರೆದಿದ್ದು. ನಿಮ್ಮ ಎಡಗಡೆ ಕೆಳಗಿನ ಮೊದಲ ದವಡೆಹಲ್ಲು 36, ಅದರ ಹಿಂದಿನದು 37. 46 ಬಲಗಡೆಯದು! ಅಮೆರಿಕದ ಎಣಿಕೆಯಲ್ಲಿ ಅದೇ 36ನೇ ಹಲ್ಲಿಗೆ 19 ಅಂತಾರೆ, ಆದ್ದರಿಂದ ಹೊರದೇಶದಲ್ಲಿ ತೋರಿಸಬೇಕಾಗಿ ಬಂದರೆ ನಂಬರ್ ಹೇಳದೆ ಬೆರಳಿಟ್ಟು ತೋರಿಸಿ. ಎಕ್ಸ್‌ರೇಯನ್ನೂ, ಒಳಗೆ ಏನು ಲೇಪ ಇಟ್ಟರು ಅನ್ನೋ ಚೀಟಿಯನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ. ಸಂದೇಶದಲ್ಲಿ ‘ಕೆಳ ಎಡ’ ಅಂತಷ್ಟೇ ಇರಲಿ, ಹಿಂದಿನಿಂದ ಎಷ್ಟನೇದು ಅಂತ ಅವರೇ ನೋಡಿಕೊಳ್ತಾರೆ.

ನೆಗಡಿ_ನಾಣಿ:
ಸದ್ಯ, ಬಲಗಡೆ ಹಲ್ಲು ಬಚಾವಾಯ್ತು.